ಹೊಸನಗರದ ಕಂಪ್ಯೂಟರಿಗೆ ಅಮ್ಮನ ಕಾವಲು

ಹೊಸ ಸೇತುವೆ ಬಂದ ಮೇಲೆ ಹಿನ್ನೀರು ದಾಟುವುದು ಒಂದು ವಿಷಯವೇ ಅಲ್ಲ. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಡುವಷ್ಟರಲ್ಲಿ ಬಸ್ಸು ಆಚೆ ದಡದಲ್ಲಿರುತ್ತದೆ. ಮೊನ್ನೆ ಹಾಗೆ ದಾಟಿ ತುಮರಿ ಕಡೆ ಹೋಗುವಾಗ ದಾರಿಬದಿಯ ಒಂದು ಬೇಲಿಯಲ್ಲಿ ತಗಡಿನ ಬೋರ್ಡು ಕಂಡಿತು. ಹಳದಿ ಬಣ್ಣ, ಮೇಲೆ ಕೆಂಪು ಅಕ್ಷರ: ‘ಈ ಜಾಗಕ್ಕೆ ಅಮ್ಮನ ಕಾವಲಿದೆ.’ ಹೊಳೆಯಾಚೆಯ ಅಮ್ಮನ ಗುಡಿಯಿಂದ ಇಂಥದೊಂದು ಬೋರ್ಡು ತಂದು ಕಟ್ಟಿದರೆ ಕಳ್ಳನಾದವನು ಆ ಬೇಲಿ ದಾಟುವುದಿಲ್ಲ ಎಂದು ನಮ್ಮ ಕಡೆಯ ನಂಬಿಕೆ. ಪಕ್ಕದಲ್ಲಿ ಕೂತಿದ್ದ ಗಿರಿಜೆ ಕಿಟಕಿಯಿಂದಲೇ ಕೈಮುಗಿದಳು. ನಾನು ಮುಖ ಆಚೆ ತಿರುಗಿಸಿದೆ. ಆ ಬೋರ್ಡು ಕಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅದಕ್ಕೆ ಎಂಬತ್ತರ ದಶಕದ ಕೊನೆಯ ಒಂದು ಮಳೆಗಾಲ ಕಾರಣ.

ಆಗ ನಾನು ಸಾಗರದಲ್ಲಿ ಅಡಿಕೆ ಬೆಳೆಗಾರರ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಸಂಘದ ಶಾಖೆ. ಯಾರೋ ದೊಡ್ಡವರು ಹೇಳಿದರೆಂದು ಆ ವರ್ಷ ಮೂರು ಶಾಖೆಗೂ ಒಂದೊಂದು ಕಂಪ್ಯೂಟರ್ ತರಿಸಿದ್ದರು. ಈಗ ಎಲ್ಲರ ಬಾಯಲ್ಲಿರುವ ಲಿನಕ್ಸ್ ಆಗಿನ್ನೂ ಹುಟ್ಟಿರಲಿಲ್ಲ. ಯಂತ್ರವನ್ನು ನಡೆಸುವ ತಂತ್ರಾಂಶವಾಗಿ ಅದರ ಹಿರಿಯಣ್ಣ ಯುನಿಕ್ಸ್ ಇವುಗಳಲ್ಲಿತ್ತು. ಬೆಂಗಳೂರಿನಲ್ಲಿ ಡಿಪ್ಲೊಮಾ ಮಾಡಿ ಬಂದವಳು ಎಂಬ ಒಂದೇ ತಪ್ಪಿಗೆ ಮೂರನ್ನೂ ನನ್ನ ಕುತ್ತಿಗೆಗೆ ಕಟ್ಟಿದರು. ಸಂಘದ ಕಾರ್ಯದರ್ಶಿ ಹೆಗಡೆಯವರು ನನ್ನನ್ನು ಕರೆದು ತಮ್ಮ ಮನೆಮಾತಿನಲ್ಲೇ ಅಪ್ಪಣೆ ಕೊಟ್ಟರು.

“ಮೂರೂ ಒಂದೇ ನಮನಿ ಇರವು ಕೂಸೆ. ಹ್ಯಾಂಗೆ ಹೇಳದು ಎನಗೆ ಬೇಕಾಗಿಲ್ಲೆ.”

ಮೂರೂ ಒಂದೇ ಥರ ಇರಬೇಕು, ಹೇಗೆಂಬುದು ಅವರಿಗೆ ಬೇಡ, ಸರಿ. ಮಾಡಬೇಕಾದವಳಿಗೆ ಬೇಕಲ್ಲ. ಫೋನಿನಲ್ಲಿ ಹೇಳೋಣವೆಂದರೆ ಟ್ರಂಕ್ ಕಾಲ್ ಸಿಗುವಷ್ಟರಲ್ಲಿ ಹೇಳಬೇಕಾದ್ದೇ ಮರೆತುಹೋಗುತ್ತಿತ್ತು. ಹಾಗಾಗಿ ಏನಾದರೂ ಬದಲಾವಣೆ ಇದ್ದರೆ ಫ್ಲಾಪಿಯನ್ನು ಸ್ಟೀಲ್ ಟಿಫನ್ ಡಬ್ಬಿಯಲ್ಲಿಟ್ಟು ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆ. ಜೊತೆಗೆ ಚೀಟಿ: ಮೊದಲು ಇದು ಮಾಡಿ, ಆಮೇಲೆ ಅದು ಮಾಡಿ, ಅದಾದ ಮೇಲೆ ಇದು. ಇಷ್ಟು ಬಿಡಿಸಿ ಬರೆದರೆ ಯಾರಿಗೆ ತಾನೇ ತಪ್ಪುತ್ತದೆ ಎಂದುಕೊಂಡಿದ್ದೆ.

ಎಲ್ಲರಿಗೂ ತಪ್ಪಿತು. ತೀರ್ಥಹಳ್ಳಿಯ ಮ್ಯಾನೇಜರ್ ಗೌಡರು ನಡುವಿನ ಒಂದು ಹೆಜ್ಜೆ ಅಷ್ಟೇನೂ ಮುಖ್ಯವಲ್ಲ ಎಂದು ಬಿಟ್ಟುಬಿಟ್ಟರು. ಸಾಗರದ ಅಕೌಂಟೆಂಟ್ ಭಟ್ಟರು, ಒಮ್ಮೆ ಮಾಡಿದ್ದು ಗಟ್ಟಿಯಾಗಿರಲಿ ಎಂದು ಎಲ್ಲವನ್ನೂ ಎರಡು ಸಲ ಮಾಡಿದರು. ಹೊಸನಗರದಲ್ಲಿ ಅರ್ಧಕ್ಕೆ ಕರೆಂಟು ಹೋಯಿತು. ಬಂದ ಮೇಲೆ ಮೊದಲಿಂದ ಶುರು ಮಾಡಿದ್ದರಿಂದ ಅರ್ಧ ಒಂದು ಸಲ, ಇನ್ನರ್ಧ ಎರಡು ಸಲ ಆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರೆ. ನನಗೆ ಎತ್ತು, ಕೋಣ ಎರಡರ ಜೊತೆಗೆ ಇನ್ನೊಂದು ಪ್ರಾಣಿಯೂ ಸಿಕ್ಕಿತ್ತು. ಆರಿದ್ರೆ ಮಳೆಯಿಡೀ ನಾನು ಬಸ್ಸಿನಲ್ಲೇ ಕಳೆದೆ. ಒದ್ದೆ ಸೀರೆಯಲ್ಲಿ ಸಾಗರದಿಂದ ಹೊಸನಗರ, ಹೊಸನಗರದಿಂದ ತೀರ್ಥಹಳ್ಳಿ, ಅಲ್ಲಿ ಸರಿಮಾಡಿ ತಿರುಗಿ ಬರುವಷ್ಟರಲ್ಲಿ ಇಲ್ಲಿ ಕೆಟ್ಟಿರುತ್ತಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವುದು ಅಂದರೆ ಏನೆಂದು ಆಗ ತಿಳಿಯಿತು.

ಒಂದು ದಿನ ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಲ್ಲದೆ ನಿಂತಿದ್ದಾಗ ಹೆಗಡೆಯವರ ಮಾತು ನೆನಪಾಗಿ ಮತ್ತೊಮ್ಮೆ ಸಿಟ್ಟು ಬಂತು. ಹೇಗೆ ಅನ್ನುವುದು ಬೇಡವಂತೆ, ಇರಬೇಕಂತೆ. ಸಿಟ್ಟಿನ ಹಿಂದೆಯೇ ಇನ್ನೊಂದೂ ಹೊಳೆಯಿತು. ಹೌದಲ್ಲ, ನಮ್ಮಮ್ಮ ನನಗೆ ಮನೆಗೆಲಸ ಹೇಳುತ್ತಿದ್ದದ್ದೂ ಹೀಗೇ. ಕೊಡ ತಗೋ, ಬಾವಿಗೆ ಹೋಗು, ಹಗ್ಗ ಇಳಿಸು ಎಂದು ಅವಳು ಎಂದೂ ಹೇಳಿದವಳಲ್ಲ. ನಾನು ಬರುವ ಹೊತ್ತಿಗೆ ಹಂಡೆ ತುಂಬಿರಬೇಕು ಅನ್ನುತ್ತಿದ್ದಳು, ಅಷ್ಟೆ. ತುಂಬಿದ್ದರೆ ಸುಮ್ಮನಿರುವುದು, ಅರ್ಧವಿದ್ದರೆ ಅರ್ಧ ತುಂಬುವುದು. ನಾನು ಮಾಡಬೇಕಾದದ್ದನ್ನು ಬರೆಯುವುದು ಬಿಟ್ಟು ಇರಬೇಕಾದದ್ದನ್ನು ಬರೆಯತೊಡಗಿದೆ. ಪ್ರಿಂಟರು ಹೀಗಿರಬೇಕು, ಗಡಿಯಾರ ಹೀಗಿರಬೇಕು, ಈ ಶಾಖೆಯಲ್ಲಿ ಯಂತ್ರದ ಮುಂದೆ ಕೂರುವವರು ಇಂಥವರಿರಬೇಕು. ಮೂರೂ ಯಂತ್ರಕ್ಕೆ ಒಂದೇ ಫೈಲು. ಪ್ರತಿ ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಯಂತ್ರವೇ ಆ ಫೈಲನ್ನು ಓದಿ ತನ್ನನ್ನು ತಾನು ನೋಡಿಕೊಳ್ಳಬೇಕು. ಬರೆದಂತೆ ಇದ್ದರೆ ತೆಪ್ಪಗಿರಬೇಕು, ಇಲ್ಲದಿದ್ದರೆ ಹಾಗೆ ಆಗಬೇಕು. ಇಂಥದಕ್ಕೆ ಈಗ ಡಿಕ್ಲರೇಟಿವ್ ಎಂದು ದೊಡ್ಡ ಹೆಸರಿದೆಯಂತೆ, ಪುಸ್ತಕಗಳಿವೆಯಂತೆ. ನಾನು ಮಾಡಿದಾಗ ಅದಕ್ಕೆ ಯಾವ ಹೆಸರೂ ಇರಲಿಲ್ಲ, ನೋಡಿ ಶಹಭಾಸ್ ಎನ್ನುವ ಒಂದು ನರಪಿಳ್ಳೆಯೂ ಇರಲಿಲ್ಲ.

ಕೆಲಸವೇನೋ ಮಾಡಿತು. ಆದರೆ ಯಂತ್ರ ನೆಟ್ಟಗಿದ್ದರೆ ಮನುಷ್ಯರಿಗೆ ಸಹಿಸುವುದಿಲ್ಲ. ಸಾಗರದ ಭಟ್ಟರು ದಿನದ ಮೊದಲ ಲೆಕ್ಕವನ್ನು ರಾಹುಕಾಲದಲ್ಲಿ ಬರೆದವರಲ್ಲ. ಗಿರಾಕಿ ಬಂದು ನಿಂತರೆ ಏನು ಮಾಡುವುದು? ಯಂತ್ರದ ಗಡಿಯಾರವನ್ನೇ ರಾಹುಕಾಲ ದಾಟಿಸಿ ಮುಂದಕ್ಕಿಡುತ್ತಿದ್ದರು. ಮರುದಿನ ಬೆಳಿಗ್ಗೆ ಯಂತ್ರ ಅದನ್ನು ಹಿಂದಕ್ಕೆ ತರುತ್ತಿತ್ತು, ಭಟ್ಟರು ಮತ್ತೆ ಮುಂದಕ್ಕೆ ತಳ್ಳುತ್ತಿದ್ದರು. ತಿಂಗಳುಗಟ್ಟಲೆ ಇಬ್ಬರೂ ಬಗ್ಗಲಿಲ್ಲ. ತೀರ್ಥಹಳ್ಳಿಯ ಗೌಡರಿಗೆ ಕಾಗದದಲ್ಲಿ ಅಕ್ಷರ ದಪ್ಪಗೆ ಬಂದರೇ ಗೌರವ. ಅವರು ದಪ್ಪ ಮಾಡಿದ್ದನ್ನು ಯಂತ್ರ ದಿನಾ ತೆಳ್ಳಗೆ ಮಾಡುತ್ತಿತ್ತು. ಇಬ್ಬರೂ ನನ್ನ ಮೇಲೆ ಹೆಗಡೆಯವರಿಗೆ ದೂರು ಹೇಳಿದರು.

ಹೊಸನಗರದ್ದು ಇನ್ನೊಂದು ಗೋಳು. ಅಲ್ಲಿ ಕಂಪ್ಯೂಟರ್ ನೋಡಲು ಬಂದವರೆಲ್ಲ ಅದನ್ನು ಮುಟ್ಟಿ ಒಂದಷ್ಟು ಗುಂಡಿ ಒತ್ತಿಯೇ ಹೋಗಬೇಕು. ಮ್ಯಾನೇಜರು ದೊಡ್ಡ ಮನಸ್ಸಿನವರು. ತಮ್ಮ ಬಾಮೈದ, ಅವನ ಸ್ನೇಹಿತ ಎಂದು ಕಂಡಕಂಡವರಿಗೆ ಯಂತ್ರದೊಳಗೆ ಹೋಗುವ ಲಾಗಿನ್ ಹೆಸರು ಮಾಡಿಸಿಕೊಟ್ಟಿದ್ದರು. ಅದಕ್ಕೆಂದೇ ಫೈಲಿಗೆ ಇನ್ನೊಂದು ನಿಯಮ ಸೇರಿಸಿದೆ. ಫೈಲಿನಲ್ಲಿ ಹೆಸರಿಲ್ಲದ ಯಾರೇ ಯಂತ್ರದಲ್ಲಿದ್ದರೂ ಮರುದಿನ ಬೆಳಿಗ್ಗೆ ತಾನಾಗಿ ಅಳಿಸಿಹೋಗಬೇಕು. ಬಾಮೈದನೂ ಅವನ ಸ್ನೇಹಿತನೂ ಅಳಿಸಿಹೋದರು.

ಆ ಯಂತ್ರದ ಮುಂದೆ ನಿಜವಾಗಿ ಕೂತು ಕೆಲಸ ಮಾಡುತ್ತಿದ್ದವಳು ಗಿರಿಜೆ. ತುಮರಿ ಕಡೆಯ ಹುಡುಗಿ. ಅಪ್ಪ, ಸೇತುವೆಯಿಲ್ಲದ ಆ ಕಾಲದಲ್ಲಿ ಹಿನ್ನೀರು ದಾಟಿಸುತ್ತಿದ್ದ ಲಾಂಚಿನಲ್ಲಿ ಹಗ್ಗ ಎಳೆಯುವ ಕೆಲಸದವನು. ಪಿಯುಸಿ ಮಾಡಿ, ಟೈಪಿಂಗ್ ಕಲಿತು, ಹೊಸನಗರದಲ್ಲಿ ದೂರದ ನೆಂಟರ ಮನೆಯಲ್ಲಿದ್ದುಕೊಂಡು ದಿನಗೂಲಿಗೆ ಬರುತ್ತಿದ್ದಳು. ಮೂರು ಶಾಖೆಯಲ್ಲಿ ನಾನು ಹೇಳಿದ್ದನ್ನು ಹೇಳಿದಂತೆ ಕೇಳಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಫ್ಲಾಪಿ ಬಂದರೆ ಕಣ್ಣುಮುಚ್ಚಿ ಒಳಗೆ ಹಾಕಬೇಡ, ಏನಿದೆಯೆಂದು ಮೊದಲು ತೆರೆದು ಓದು ಎಂದು ಅವಳಿಗೆ ಕಲಿಸಿದ್ದೆ. ಮಳೆ ಮುಗಿಯುವ ಹೊತ್ತಿಗೆ ನಡೆಯುವ ಸರ್ವಸದಸ್ಯರ ಸಭೆಯಲ್ಲಿ ಆ ಜಾಗವನ್ನು ಖಾಯಂ ಮಾಡುವುದೆಂದು ಮಾತಾಗಿತ್ತು. ಖಾಯಂ ಆದರೆ ಅದು ಅವಳದಾಗಬೇಕು. ನ್ಯಾಯ ಅನ್ನುವುದು ಇದ್ದರೆ.

ನಮ್ಮ ಸಂಘದ ಡೈರೆಕ್ಟರುಗಳಲ್ಲಿ ಶೇಷಪ್ಪನವರು ಎಂದೊಬ್ಬರಿದ್ದರು. ಅವರ ಅಕ್ಕನ ಮಗ ಪ್ರಕಾಶ ಶಿವಮೊಗ್ಗದಲ್ಲಿ ಎಂಥದೋ ಕಂಪ್ಯೂಟರ್ ಕೋರ್ಸು ಮುಗಿಸಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿಕೊಂಡು ಬಂದಿದ್ದ. ಆಶ್ಲೇಷ ಮಳೆ ಹೊತ್ತಿಗೆ ಮಾರುಕಟ್ಟೆ ಸೆಸ್ಸಿನ ಲೆಕ್ಕ ಬದಲಾಗಿ ಮೂರೂ ಯಂತ್ರಕ್ಕೆ ಹೊಸ ಫೈಲು ಕಳಿಸಬೇಕಾಯಿತು. ಅದರ ಜೊತೆಗೇ ಹೊಸನಗರಕ್ಕೆ ಪ್ರಕಾಶನ ಹೆಸರನ್ನೂ ಸೇರಿಸಿಬಿಡು ಎಂದರು ಹೆಗಡೆಯವರು. ಅಭ್ಯಾಸಕ್ಕೆ ಒಬ್ಬ ಹುಡುಗ ಕೂತರೆ ನನ್ನ ಗಂಟೇನು ಹೋಗುತ್ತದೆ ಎಂದು ಸೇರಿಸಿ ಡಬ್ಬಿಯನ್ನು ಕಂಡಕ್ಟರಿಗೆ ಕೊಟ್ಟೆ.

ಆ ವಾರವೇ ಹೊಸನಗರದಿಂದ ಸುದ್ದಿ ಬಂತು. ಗಿರಿಜೆ ಊರಿಗೆ ಹೋಗಿ ಬರುವಾಗ ಅಮ್ಮನ ಬೋರ್ಡು ತಂದು ಕಂಪ್ಯೂಟರಿಗೆ ಕಟ್ಟಿದ್ದಾಳಂತೆ. ನಾನು ಮೊದಲು ಬಿದ್ದುಬಿದ್ದು ನಕ್ಕೆ. ಆಮೇಲೆ ಖುಷಿಯೂ ಆಯಿತು. ಕಂಪ್ಯೂಟರ್ ನೋಡಲು ಬರುವವರು ನಿಂತರು, ಗುಂಡಿ ಒತ್ತುವುದು ನಿಂತಿತು, ಬಾಮೈದ ಆ ಕೋಣೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಲ್ಲತೊಡಗಿದ. ನನ್ನ ಫೈಲು ಮಾಡದ್ದನ್ನು ಒಂದು ತಗಡು ಮಾಡಿತ್ತು. ಆದರೂ ಆಗಲಿ ಎಂದುಕೊಂಡೆ.

ಆಗಲಿ ಎಂದುಕೊಂಡದ್ದು ತಪ್ಪಾಯಿತು. ಹೊಸನಗರದಿಂದ ಬಂದ ಪಟ್ಟಿಗಳಲ್ಲಿ ಹಳೆಯ ಸೆಸ್ಸೇ ಇತ್ತು. ಅಂದರೆ ಹೊಸ ಫ್ಲಾಪಿ ಒಳಗೆ ಹೋಗಿಯೇ ಇಲ್ಲ. ಫೋನಿಗೆ ಸಿಕ್ಕ ಮ್ಯಾನೇಜರನ್ನು ಕೇಳಿದರೆ, ಬೋರ್ಡು ಇರುವಾಗ ಅದಕ್ಕೆ ಕೈ ಹಾಕುವುದು ಹೇಗೆ ಮೇಡಂ ಎಂದು ನನಗೇ ತಿರುಗಿ ಕೇಳಿದರು. ಗಿರಿಜೆಯೇ ಹಾಕಲಿ ಎಂದೆ. ಅವಳು ಹಾಕಲ್ಲ ಅನ್ನುತ್ತಾಳೆ ಎಂದರು. ಇತ್ತ ಹೆಗಡೆಯವರು ಮೂರು ಶಾಖೆಯ ಲೆಕ್ಕ ಮುಂದಿಟ್ಟುಕೊಂಡು ಕೂತಿದ್ದರು. ಎರಡು ಒಂದು ನಮೂನೆ, ಹೊಸನಗರದ್ದೇ ಬೇರೆ. ಸಭೆಯ ಹೊತ್ತಿಗೆ ಇದು ತಾಳೆಯಾಗದಿದ್ದರೆ ಹೊಸನಗರದ ಯಂತ್ರ ವಾಪಸ್ ತಂದು ಮೊದಲಿನಂತೆ ಕೈಬರಹವೇ ಸೈ ಎಂದುಬಿಟ್ಟರು. ಯಂತ್ರವೇ ಹೋದರೆ ಗಿರಿಜೆಯ ಜಾಗವೂ ಹೋಯಿತು. ಇದು ಆ ಹುಡುಗಿಗೆ ತಿಳಿಯುವುದಿಲ್ಲವೇ ಎಂದು ಹಲ್ಲು ಕಡಿಯುತ್ತ ಬಸ್ಸು ಹತ್ತಿದೆ.

ಹೊಸನಗರದಲ್ಲಿ ಮ್ಯಾನೇಜರು ನನಗೂ ಮುಟ್ಟಲು ಬಿಡಲಿಲ್ಲ. ಅಮ್ಮನ ಸ್ಥಳದಲ್ಲಿ ಕೇಳಿ ಅಪ್ಪಣೆ ತಂದರೆ ಮಾತ್ರ, ಇಲ್ಲದಿದ್ದರೆ ನಾಳೆ ಏನಾದರೂ ಆದರೆ ಹೊಣೆ ಯಾರು ಎಂದರು. ಗಿರಿಜೆ ತಲೆತಗ್ಗಿಸಿ ನಿಂತಿದ್ದಳು. ಫ್ಲಾಪಿ ಹಾಕುವುದಕ್ಕೆ ದೇವಿಯ ಅಪ್ಪಣೆ ಬೇಕು ಎಂದು ನನ್ನ ಡಿಪ್ಲೊಮಾದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಮರುದಿನ ಅವಳನ್ನೇ ಎಳೆದುಕೊಂಡು ಹೊರಟೆ. ಹೊಸನಗರದಿಂದ ಸಾಗರ, ಸಾಗರದಿಂದ ಹಿನ್ನೀರಿನ ದಡಕ್ಕೆ ಇನ್ನೊಂದು ಬಸ್ಸು. ದಡದಲ್ಲಿ ಲಾಂಚು ಕೆಟ್ಟು ನಿಂತಿತ್ತು. ಆಚೆಯಿಂದ ಮೆಕ್ಯಾನಿಕ್ ಬರಬೇಕು, ಅವನು ಬರಲು ಲಾಂಚು ಬೇಕು. ಕೊನೆಗೆ ಗಿರಿಜೆಯ ಅಪ್ಪನೇ ಏನೋ ತಟ್ಟಿ ಕುಟ್ಟಿ ಹೊರಡಿಸಿದ. ಮಳೆಯಲ್ಲಿ ಡೀಸೆಲ್ ವಾಸನೆ ಕುಡಿಯುತ್ತ, ಎರಡು ಎಮ್ಮೆ ಮತ್ತು ಒಂದು ಜೀಪಿನ ನಡುವೆ ನಿಂತು ನಾನು ಅವಳನ್ನು ತರಾಟೆಗೆ ತೆಗೆದುಕೊಂಡೆ. ಫ್ಲಾಪಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

“ಓದಿದೆ ಅಕ್ಕ. ಅದ್ರಲ್ಲಿ ಪ್ರಕಾಶನ ಹೆಸ್ರಿತ್ತು.”

“ಇದ್ದರೇನಂತೆ?”

“ಅವ್ರು ಮೊದ್ಲು ಪಕ್ಕಕ್ಕೆ ಕೂರ್ತಾರೆ. ಆಮೇಲೆ ಸ್ವಲ್ಪ ಏಳಮ್ಮ ಅಂತಾರೆ. ಸಭೆ ಹೊತ್ತಿಗೆ ಕುರ್ಚಿ ಅವ್ರದ್ದು. ಶೇಷಪ್ಪನೋರು ನಮ್ ಮ್ಯಾನೇಜರ ಹತ್ರ ಹೇಳಿದ್ದು ನಾನೇ ಕೇಳಿದೀನಿ.”

ಅವಳು ನೀರಿನ ಕಡೆ ಕೈ ತೋರಿಸಿದಳು. ಅಲ್ಲಿ ಮುಳುಗಿದ ಒಣಮರಗಳ ತುದಿ ಕಾಣುತ್ತಿತ್ತು.

“ನಮ್ಮಜ್ಜನ ಮನೆ ಅಲ್ಲೆಲ್ಲೋ ಅಡೀಗಿದೆ. ಡ್ಯಾಮ್ ಕಟ್ಟೋವಾಗ ಒಂದ್ಸಲ ಏಳಿ ಅಂದ್ರು, ಎದ್ದು ಬಂದ್ವಿ. ಇನ್ನೊಂದ್ಸಲ ನಾನು ಏಳಲ್ಲ ಅಕ್ಕ.”

ಫ್ಲಾಪಿ ಹಾಕಿದರೆ ಪ್ರಕಾಶ ಬರುತ್ತಾನೆ, ಹಾಕದಿದ್ದರೆ ಯಂತ್ರ ಹೋಗುತ್ತದೆ. ಎರಡರಲ್ಲೂ ಎದ್ದು ಹೋಗಬೇಕಾದವಳು ಇವಳೇ. ನನಗೆ ಶೇಷಪ್ಪನವರ ಮೇಲೆ, ಹೆಗಡೆಯವರ ಮೇಲೆ, ಲಾಂಚಿನ ಮೇಲೆ, ಮಳೆಯ ಮೇಲೆ ಒಟ್ಟಿಗೇ ಸಿಟ್ಟು ಬಂತು. ಆ ಹುಡುಗಿಯ ಮೇಲಿದ್ದ ಸಿಟ್ಟು ಮಾತ್ರ ಎಲ್ಲಿ ಹೋಯಿತೋ.

ಗುಡಿಯಲ್ಲಿ ಮುದುಕ ಪೂಜಾರಿ ನಮ್ಮ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿದ. ಕಂಪ್ಯೂಟರ್ ಎಂದರೇನೆಂದು ಅವನು ಕೇಳಲೂ ಇಲ್ಲ. ಬೋರ್ಡು ಕದಿಯಲು ಬರುವವರಿಗೆ, ಕೆಲಸ ಮಾಡುವವರಿಗಲ್ಲ, ಕಟ್ಟಿದವರು ಬೇಕಾದಾಗ ಬಿಚ್ಚಬಹುದು, ಬಿಚ್ಚಿದ ದಿನ ಒಂದು ಕಾಯಿ ಒಡೆಸಿದರಾಯಿತು ಎಂದ. ಇಷ್ಟು ಕೇಳಲು ಈ ಮಳೆಯಲ್ಲಿ ಇಲ್ಲಿಯವರೆಗೆ ಯಾಕೆ ಬಂದ್ರಿ ಎಂದೂ ಸೇರಿಸಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆ. ಇಲ್ಲಿ ದೇವರೂ ಪೂಜಾರಿಯೂ ಕೊಟ್ಟಾಗಿತ್ತು, ಕೊಡದಿದ್ದವರು ಸಂಘದ ಮ್ಯಾನೇಜರು.

ವಾಪಸ್ ಬರುವ ಲಾಂಚಿನಲ್ಲೇ ನಾನು ತಲೆಯೊಳಗೆ ಫೈಲು ಬರೆಯುತ್ತಿದ್ದೆ. ಸಾಗರಕ್ಕೆ ಬಂದವಳೇ ಕೂತು ಹೊಸದಾಗಿ ಬರೆದೆ. ಸೆಸ್ಸಿನ ಲೆಕ್ಕ ಹೀಗಿರಬೇಕು. ಹೊಸನಗರದಲ್ಲಿ ಯಂತ್ರದ ಮುಂದೆ ಕೂರುವವರು: ಗಿರಿಜೆ. ಆ ಸಾಲು ಅಲ್ಲಿಗೇ ಮುಗಿಯಿತು. ಯಾರಿಗೂ ಏನೂ ಹೇಳಲಿಲ್ಲ, ಗಿರಿಜೆಗೂ ಹೇಳಲಿಲ್ಲ. ಹೊಸನಗರಕ್ಕೆ ನಾನೇ ಒಯ್ದೆ. ಪೂಜಾರಿ ಹೇಳಿದ್ದನ್ನು ಮ್ಯಾನೇಜರಿಗೆ ತಿಳಿಸಿ, ಗಿರಿಜೆಯ ಕೈಯಲ್ಲೇ ಬೋರ್ಡು ಪಕ್ಕಕ್ಕಿಡಿಸಿ ಫ್ಲಾಪಿ ಹಾಕಿದೆ. ಲೆಕ್ಕ ಸರಿಯಾಯಿತು, ಬೋರ್ಡು ಮತ್ತೆ ಅದರ ಜಾಗಕ್ಕೆ ಹೋಯಿತು.

ಅದೇ ಹೊತ್ತಿಗೆ ಶೇಷಪ್ಪನವರು ಪ್ರಕಾಶನನ್ನು ಕರೆದುಕೊಂಡು ಬಂದರು. ಇವನ ಹೆಸರು ಆಯಿತಾ ಎಂದು ಕೇಳಿದರು. ನಿಮ್ಮ ಎದುರಿಗೇ ಮಾಡಿಕೊಡುತ್ತೇನೆ ಎಂದು ಅಲ್ಲೇ ಕೈಯಾರೆ ಮಾಡಿಕೊಟ್ಟೆ. ಪ್ರಕಾಶ ಕೂತು ತನ್ನ ಹೆಸರು ಹೊಡೆದ, ಯಂತ್ರ ಒಳಗೆ ಬಿಟ್ಟಿತು. ಮಾವನ ಮುಖ ಅರಳಿತು. ಗಿರಿಜೆ ನನ್ನನ್ನು ನೋಡಿದ ನೋಟ ಮಾತ್ರ ನನಗೆ ಮರೆಯುವುದಿಲ್ಲ. ನಾನು ಟಿಫನ್ ಡಬ್ಬಿ ಎತ್ತಿಕೊಂಡು ಬಸ್ಸಿಗೆ ಹೋದೆ.

ಮರುದಿನ ಬೆಳಿಗ್ಗೆ ಯಂತ್ರ ಎದ್ದಿತು, ಫೈಲು ಓದಿತು, ಅದರಲ್ಲಿಲ್ಲದ ಒಬ್ಬನನ್ನು ಕಂಡು ಅಳಿಸಿತು. ಇಂಥ ಹೆಸರಿನವರು ಯಾರೂ ಇಲ್ಲ ಎಂದಿತಂತೆ ಪ್ರಕಾಶನಿಗೆ. ಫೋನು ಬಂತು. ನಾನು ಹೋಗಿ ಮತ್ತೆ ಎಲ್ಲರೆದುರು ಮಾಡಿಕೊಟ್ಟೆ. ಅದರ ಮರುದಿನ ಮತ್ತೆ ಇಲ್ಲ. ಮೂರನೆಯ ಸಲ ಅವನು ಬರಲೇ ಇಲ್ಲ. ಗಿರಿಜೆಯ ಹೆಸರಿಗೆ ಮಾತ್ರ ದಿನಾ ಬಾಗಿಲು ತೆಗೆಯುತ್ತಿತ್ತು. ಅಷ್ಟರಲ್ಲಿ ಪೇಟೆಯಿಡೀ ಸುದ್ದಿಯಾಗಿತ್ತು. ಅಮ್ಮ ಆ ಹುಡುಗನನ್ನು ಒಪ್ಪುತ್ತಿಲ್ಲ. ಹೆಸರಿಟ್ಟರೆ ರಾತ್ರಿ ಕಳೆಯುವುದರೊಳಗೆ ಒರೆಸಿಹಾಕುತ್ತಾಳೆ. ನಾನು ಒಂದು ಸುಳ್ಳೂ ಹೇಳಿರಲಿಲ್ಲ. ಏನಾಗ್ತಿದೆ ಮೇಡಂ ಎಂದು ಮ್ಯಾನೇಜರು ಕೇಳಿದಾಗ, ಬರೆದಿಲ್ಲದವರು ಇರುವುದಿಲ್ಲ ಎಂದು ನಿಜವನ್ನೇ ಹೇಳಿದ್ದೆ. ಅವರು ಅದನ್ನು ಹಣೆಬರಹದ ಮಾತೆಂದುಕೊಂಡು ಕೈಮುಗಿದರು.

ಉತ್ತರೆ ಮಳೆಯಲ್ಲಿ ಸಭೆ ನಡೆಯಿತು. ಮೂರು ಶಾಖೆಯ ಲೆಕ್ಕ ಒಂದಕ್ಕೊಂದು ತಾಳೆಯಾಗಿ, ಅದಕ್ಕೆ ಹೆಗಡೆಯವರಿಗೆ ಹಾರ ಬಿತ್ತು. ಹೊಸನಗರದ ಜಾಗಕ್ಕೆ ಗಿರಿಜೆಯ ಹೆಸರು ಸೂಚಿಸಿದವರು ಯಾರು ಗೊತ್ತೇ? ಶೇಷಪ್ಪನವರೇ. ಅಮ್ಮನ ಎದುರು ನಿಲ್ಲುವುದುಂಟೇ ಎಂದು ಪಕ್ಕದವರಿಗೆ ಹೇಳಿದರಂತೆ. ಅದೇ ಸಭೆಯಲ್ಲಿ ಸಾಗರ ಮತ್ತು ತೀರ್ಥಹಳ್ಳಿಯ ಕಂಪ್ಯೂಟರುಗಳಿಗೂ ಅಂಥದೇ ಬೋರ್ಡು ತರಿಸುವುದೆಂದು ತೀರ್ಮಾನವಾಯಿತು. ನನ್ನ ಫೈಲಿನ ಬಗ್ಗೆ ಯಾರೂ ಒಂದು ಅಕ್ಷರ ಎತ್ತಲಿಲ್ಲ. ಒಂದು ಮಳೆಗಾಲವಿಡೀ ನೆನೆದು, ಇಂಥದು ಎಲ್ಲಿಯೂ ಇಲ್ಲದಾಗ ನಾನು ಕಟ್ಟಿದ್ದರ ಕೀರ್ತಿಯನ್ನೆಲ್ಲ ತಗಡಿನ ಬೋರ್ಡು ಹೊಡೆದುಕೊಂಡು ಹೋಯಿತು. ಮರುವರ್ಷ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಹೊರಟೆ. ಆದರೆ ಆ ಉರಿ ಆರಲಿಲ್ಲ.

ಮೊನ್ನೆ ಬಸ್ಸಿನಲ್ಲಿ ಅದನ್ನೇ ಅಂದುಬಿಟ್ಟೆ. ಗಿರಿಜೆ ಆ ಜಾಗದಿಂದಲೇ ನಿವೃತ್ತಳಾಗಿ ಈಗ ಅವಳಿಗೂ ಕೂದಲು ಬೆಳ್ಳಗಾಗಿದೆ. ವರ್ಷಕ್ಕೊಮ್ಮೆ ಅಮ್ಮನಿಗೆ ಕಾಯಿ ಒಡೆಸಲು ಹೋಗುವವಳು ಈ ಸಲ ನನ್ನನ್ನೂ ಎಳೆದುಕೊಂಡು ಹೊರಟಿದ್ದಳು. ಎಷ್ಟು ಕಾಯಿ ಒಡೆಸುತ್ತೀಯೆ, ಆ ಪ್ರಕಾಶನನ್ನು ದಿನಾ ಅಳಿಸಿದ್ದು ನಾನು ಬರೆದ ಒಂದು ಸಾಲು ಕಣೆ ಎಂದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ.

ಅವಳು ಚೀಲದಲ್ಲಿದ್ದ ಕಾಯಿ ಅಲುಗದಂತೆ ಸರಿಮಾಡಿಕೊಂಡಳು.

“ಗೊತ್ತು ಅಕ್ಕ. ನೀವು ಬಸ್ಸಿಗೆ ಹೋದ ಕೂಡ್ಲೇ ಫೈಲ್ ತೆಗೆದು ಓದಿದ್ದೆ. ಏನಿದೆಯೋ ತೆರೆದು ಓದು ಅಂತ ನೀವೇ ಅಲ್ವಾ ಕಲಿಸಿದ್ದು?”

ಹಾಗಾದರೆ ಊರೆಲ್ಲ ಅಮ್ಮ ಅಮ್ಮ ಅನ್ನುವಾಗ ಬಾಯಿ ಮುಚ್ಚಿಕೊಂಡು ಯಾಕಿದ್ದೆ, ಒಬ್ಬರ ಹತ್ತಿರ ನನ್ನ ಹೆಸರು ಹೇಳಿದ್ದರೆ ನಿನ್ನ ಗಂಟು ಹೋಗುತ್ತಿತ್ತಾ ಎಂದು ರೇಗಿದೆ.

“ನಿಮ್ ಹೆಸ್ರು ಹೇಳಿದ್ರೆ ಮಾರನೇ ದಿನ ನಿಮ್ಮನ್ನ ತೆಗೀತಿದ್ರು ಅಕ್ಕ. ಅಮ್ಮನ್ನ ತೆಗೆಯೋಕೆ ಅವ್ರ ಕೈಲಿ ಆಗ್ತಿರ್ಲಿಲ್ಲ.”

ಬಸ್ಸು ಗುಡಿಯ ಹತ್ತಿರ ನಿಂತಿತು. ಗಿರಿಜೆ ಚೀಲದಿಂದ ಕಾಯಿ ತೆಗೆದಳು. ಒಂದಲ್ಲ, ಎರಡು ಇದ್ದವು. ಪ್ರತಿ ವರ್ಷವೂ ಎರಡೇ ತರುವುದು, ಇನ್ನೊಂದು ನಿಮ್ಮ ಹೆಸರಿನದು ಎಂದು ನನ್ನ ಕೈಗಿಟ್ಟಳು.